ಮೈಗೆ ಹಚ್ಚಿದ ಅತ್ತರು: ಪರಿಮಳವು ಮಾರ್ಪಡುವ ಬಗೆ

ಸುಗಂಧದ್ರವ್ಯಗಳ ಬಳಕೆ ನಮ್ಮ ನಾಡಿನಲ್ಲಿ ಅತ್ಯಂತ ಪ್ರಾಚೀನವಾದುದು. ಇಷ್ಟಲಿಂಗದ ಅಷ್ಟವಿಧಾರ್ಚನೆಯಲ್ಲಿ ಗಂಧವೂ ಒಂದು ಅಂಗ. ಮದುವೆಯ ಚಪ್ಪರದಲ್ಲಿ ಪನ್ನೀರು ಚಿಮುಕಿಸಿ, ಮುಂಗೈಗೆ ಅತ್ತರು ಸವರಿ ಬೀಗರನ್ನು ಬರಮಾಡಿಕೊಳ್ಳುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೇ ಒಂದು ಭಾಗ ಮೀಸಲಾಗಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ಅರಸರ ಉಪಭೋಗಗಳಲ್ಲಿ ವಿಲೇಪನವನ್ನೂ ಎಣಿಸುತ್ತದೆ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ನೆಲಸಿದ್ದ ಶರಣರಾದರೋ ಹೂವಿನಲ್ಲಿ ಅಡಗಿರುವ ಪರಿಮಳವನ್ನು ಕಣ್ಣಿಗೆ ಕಾಣದ ತತ್ತ್ವಕ್ಕೆ ದೃಷ್ಟಾಂತವಾಗಿ ಬಳಸಿಕೊಂಡರು. ಹೀಗೆ ಗಂಧದ ಮಾತು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಆದರೆ ಹಚ್ಚಿಕೊಂಡ ಗಂಧವು ಮೈಮೇಲೆ ಮುಂದೇನಾಗುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಕೇಳಿಕೊಳ್ಳುವುದು ವಿರಳ. ಈ ಲೇಖನದಲ್ಲಿ ಅದನ್ನೇ ವಿಚಾರಿಸೋಣ.

ಅಂಗಡಿಯಲ್ಲಿ ಶೀಸೆಯ ಬಿರಡೆ ತೆಗೆದು ಮೂಸಿದಾಗ ಅತ್ತರಿಗೆ ಒಂದು ವಾಸನೆ. ಮುಂಗೈಗೆ ಹಚ್ಚಿದ ಅರ್ಧ ಗಂಟೆಗೆ ಇನ್ನೊಂದು. ಸಂಜೆ ಮನೆಗೆ ಮರಳಿದಾಗ ಮತ್ತೊಂದು. ಇದನ್ನು ಕಂಡ ಸಾಮಾನ್ಯರು ‘ಅತ್ತರು ಕೆಟ್ಟಿತು’ ಎಂದೋ ‘ಅಂಗಡಿಯವನು ಮೋಸ ಮಾಡಿದ’ ಎಂದೋ ತೀರ್ಮಾನಿಸುತ್ತಾರೆ. ಈ ತೀರ್ಮಾನವು ಕೆಲವೊಮ್ಮೆ ಸರಿ, ಬಹುಸಲ ತಪ್ಪು. ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಅರಿಯಬೇಕಾದರೆ ವಾಸನೆಯೆಂದರೇನೆಂಬುದನ್ನು ಮೊದಲು ತಿಳಿಯಬೇಕು.

ಯಾವುದೇ ವಸ್ತುವಿನ ವಾಸನೆ ನಮಗೆ ತಿಳಿಯಬೇಕಾದರೆ ಅದರ ಅಣುಗಳು ವಸ್ತುವನ್ನು ಬಿಟ್ಟು, ಗಾಳಿಯಲ್ಲಿ ತೇಲಿ, ಮೂಗಿನ ಮೇಲ್ಭಾಗದಲ್ಲಿರುವ ಘ್ರಾಣಪೊರೆಯನ್ನು ಮುಟ್ಟಬೇಕು. ಕಬ್ಬಿಣಕ್ಕೂ ಗಾಜಿಗೂ ವಾಸನೆಯಿಲ್ಲದಿರುವುದು ಅವುಗಳ ಅಣುಗಳು ಹಾಗೆ ಹೊರಡಲಾರವು ಎಂಬುದರಿಂದಲೇ. ಆದುದರಿಂದ ಪರಿಮಳವುಳ್ಳ ದ್ರವ್ಯವೆಂದರೆ ತನ್ನನ್ನು ತಾನು ಸವೆಸಿಕೊಳ್ಳುತ್ತಿರುವ ದ್ರವ್ಯವೆಂದೇ ಅರ್ಥ. ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಹೊರಡುವುದಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಹಿಂಡಿದಾಗ ಸಿಡಿಯುವ ತೈಲದಲ್ಲಿ ಪ್ರಧಾನವಾಗಿರುವ ಲಿಮೊನೀನಿನ ಅಣುತೂಕ 136; ಅದು ಸುಮಾರು 176 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಗುಲಾಬಿಯ ಜೆರಾನಿಯಾಲ್ 230 ಡಿಗ್ರಿಯಲ್ಲಿ, ಲವಂಗದ ಯೂಜಿನಾಲ್ 254 ಡಿಗ್ರಿಯಲ್ಲಿ ಕುದಿಯುತ್ತವೆ. ಶ್ರೀಗಂಧದ ಎಣ್ಣೆಯ ಜೀವಾಳವಾದ ಸ್ಯಾಂಟಲಾಲಿನ ಅಣುತೂಕ 220. ಅದು ಕುದಿಯಬೇಕಾದರೆ 300 ಡಿಗ್ರಿಯನ್ನು ಮೀರಬೇಕು. ನಮ್ಮ ಮೈಮೇಲೆ ಯಾವ ಎಣ್ಣೆಯೂ ಕುದಿಯುವುದಿಲ್ಲವೆಂಬುದು ನಿಜ. ಆದರೆ ಕುದಿಯುವ ಬಿಂದು ಕೆಳಗಿರುವ ದ್ರವ್ಯವು ಸಾಮಾನ್ಯ ಉಷ್ಣತೆಯಲ್ಲಿಯೂ ಬೇಗ ಆವಿಯಾಗುತ್ತದೆ, ಮೇಲಿರುವುದು ತಡವಾಗಿ ಆವಿಯಾಗುತ್ತದೆ ಎಂಬ ಸ್ಥೂಲ ನಿಯಮ ಇಲ್ಲಿಯೂ ಸಲ್ಲುತ್ತದೆ.

ಈ ಕ್ರಮವನ್ನು ಅನುಸರಿಸಿಯೇ ಸುಗಂಧಶಾಸ್ತ್ರಜ್ಞರು ಪರಿಮಳಗಳನ್ನು ಮೊದಲು ಏಳುವವು, ನಡುವೆ ನಿಲ್ಲುವವು, ಕಡೆಯಲ್ಲಿ ಉಳಿಯುವವು ಎಂದು ಮೂರಾಗಿ ವಿಂಗಡಿಸುತ್ತಾರೆ. ಇಂಗ್ಲೆಂಡಿನ ವಿಲಿಯಂ ಪೌಚರ್ ಎಂಬ ತಜ್ಞನು ಪ್ರತಿಯೊಂದು ದ್ರವ್ಯವೂ ಕಾಗದದ ಪಟ್ಟಿಯ ಮೇಲೆ ಎಷ್ಟು ಕಾಲ ನಿಲ್ಲುವುದೆಂದು ಪರೀಕ್ಷಿಸಿ, 1ರಿಂದ 100ರವರೆಗೆ ಅಂಕಗಳನ್ನು ಕೊಟ್ಟು ಪಟ್ಟಿಮಾಡಿದನು. ಅದರಲ್ಲಿ ನಮ್ಮ ಶ್ರೀಗಂಧಕ್ಕೆ ದೊರೆತುದು ಪೂರ್ಣಾಂಕ, ಅಂದರೆ 100.

ಇನ್ನು ಅತ್ತರಿನ ರಚನೆ. ಉತ್ತರಪ್ರದೇಶದ ಕನೌಜು ಇದರ ತವರು. ಅಲ್ಲಿಯ ಸುಗಂಧಕ್ಕೆ 2014ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅಲ್ಲಿಯ ಕುಶಲಕರ್ಮಿಗಳು ಬಿಸಿಲೇರುವ ಮುನ್ನ ಬಿಡಿಸಿ ತಂದ ಹೂಗಳನ್ನು ನೀರಿನೊಡನೆ ತಾಮ್ರದ ದೊಡ್ಡ ಹಂಡೆಗೆ ತುಂಬಿ, ಬಾಯಿಯನ್ನು ಹತ್ತಿ ಬೆರೆಸಿದ ಜೇಡಿಮಣ್ಣಿನಿಂದ ಮೆತ್ತುತ್ತಾರೆ. ಹಂಡೆಯಿಂದ ಹೊರಟ ಬಿದಿರಿನ ನಳಿಗೆಯೊಂದು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಮತ್ತೊಂದು ತಾಮ್ರದ ಪಾತ್ರೆಗೆ ಸೇರುತ್ತದೆ. ಆ ಪಾತ್ರೆ ಬರಿದಾಗಿರುವುದಿಲ್ಲ. ಅದರಲ್ಲಿ ಮೊದಲೇ ಶ್ರೀಗಂಧದ ಎಣ್ಣೆಯನ್ನು ಹಾಕಿಟ್ಟಿರುತ್ತಾರೆ. ಹೂವಿನ ಆವಿ ನಳಿಗೆಯ ಮೂಲಕ ಬಂದು, ತಣಿದು, ಗಂಧದೆಣ್ಣೆಯಲ್ಲಿ ಲೀನವಾಗುತ್ತದೆ. ತಳದಲ್ಲಿ ನಿಂತ ನೀರನ್ನು ಬೇರ್ಪಡಿಸಿ, ಮರುದಿನ ಹೊಸ ಹೂಗಳನ್ನು ಹಾಕಿ ಅದೇ ಗಂಧದೆಣ್ಣೆಗೆ ಮತ್ತೆ ಆವಿಯೂಡಿಸುತ್ತಾರೆ. ಹೀಗೆ ಹಲವು ದಿನ ನಡೆದ ಮೇಲೆ ಅತ್ತರು ಸಿದ್ಧವಾಗುತ್ತದೆ. ಗುಲಾಬಿ, ಕೇದಗೆ, ಮಲ್ಲಿಗೆಗಳಿರಲಿ, ಬೇಯಿಸಿದ ಮಣ್ಣಿನ ಹೆಂಟೆಗಳಿಂದ ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಸಹ ಅವರು ಈ ರೀತಿಯಿಂದಲೇ ಹಿಡಿಯುತ್ತಾರೆ. ಉಷ್ಣಮಾಪಕದ ಹಂಗಿಲ್ಲದೆ, ಹಂಡೆಯ ಸದ್ದು ಮತ್ತು ಪಾತ್ರೆಯ ಕಾವುಗಳಿಂದಲೇ ಉರಿಯನ್ನು ಹದಗೊಳಿಸುವ ಅವರ ಅನುಭವವು ಯಾವ ಪ್ರಯೋಗಾಲಯದ ಜಾಣ್ಮೆಗೂ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಗುಲಾಬಿಯ ಅತ್ತರೆಂದರೆ ಹೀಗೆ ಗುಲಾಬಿಯಷ್ಟೇ ಅಲ್ಲ, ಗುಲಾಬಿಯನ್ನು ಹೊತ್ತ ಶ್ರೀಗಂಧ. ಇದನ್ನು ಮುಂಗೈಗೆ ಸವರಿದಾಗ ಏನಾಗುವುದೆಂದು ಈಗ ಊಹಿಸಬಹುದು. ಮದ್ಯಸಾರವಿರುವ ಪಾಶ್ಚಾತ್ಯ ಸುಗಂಧಗಳಲ್ಲಿ 78 ಡಿಗ್ರಿಯಲ್ಲಿ ಕುದಿಯುವ ಆ ಮದ್ಯಸಾರವು ತಟ್ಟನೆ ಆರಿ, ಮೈಯನ್ನು ತಂಪುಗೊಳಿಸಿ, ಪರಿಮಳವನ್ನು ಒಮ್ಮೆಗೇ ಕೋಣೆಗೆಲ್ಲ ಎರಚುತ್ತದೆ. ಅತ್ತರಿನಲ್ಲಿ ಮದ್ಯಸಾರವಿಲ್ಲದುದರಿಂದ ಈ ಆರ್ಭಟವಿಲ್ಲ. ಮೊದಲ ನಿಮಿಷಗಳಲ್ಲಿ ಹೂವಿನ ಅತ್ಯಂತ ಹಗುರಾದ, ಕೊಂಚ ಹಸುರಾದ ಭಾಗವು ಮೂಗಿಗೆ ಚುರುಕಾಗಿ ತಾಗುತ್ತದೆ. ಅದು ಹೋದ ಬಳಿಕ ಗುಲಾಬಿಯ ಸಿಹಿಯಾದ ನಡುಭಾಗ ನಿಧಾನವಾಗಿ ಅರಳುತ್ತದೆ. ಗಂಟೆಗಳು ಕಳೆದಂತೆ ಅದೂ ತೆಳುವಾಗುತ್ತ, ಕೊನೆಗೆ ಹಾಲಿನಂತೆ ನುಣುಪಾದ, ಮರದ ಕಂಪುಳ್ಳ ಶ್ರೀಗಂಧವೊಂದೇ ಉಳಿಯುತ್ತದೆ. ಇಲ್ಲಿ ಯಾವ ದ್ರವ್ಯವೂ ಮತ್ತೊಂದಾಗಿ ಮಾರ್ಪಟ್ಟಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ಅಲ್ಪಾವಧಿಯಲ್ಲಿ ಜರುಗುವುದು ಬಹುಮಟ್ಟಿಗೆ ರಾಸಾಯನಿಕ ಪರಿವರ್ತನೆಯಲ್ಲ, ಬಾಷ್ಪೀಕರಣ. ಜಾತ್ರೆ ಮುಗಿದ ಮೇಲೆ ಮೊದಲು ದೂರದೂರಿನವರು, ಆಮೇಲೆ ನೆರೆಯೂರಿನವರು ಹೊರಟು ಕಡೆಗೆ ಊರವರೇ ಉಳಿಯುವಂತೆ, ಅಣುಗಳು ತಮ್ಮ ತಮ್ಮ ಸರದಿಯಂತೆ ಹೊರಡುತ್ತವೆ. ಉಳಿದವರ ದನಿ ಆಗ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ.

ಚರ್ಮವು ಈ ಸರದಿಯನ್ನು ತನ್ನದೇ ರೀತಿಯಲ್ಲಿ ಏರುಪೇರು ಮಾಡುತ್ತದೆ. ನಮ್ಮ ಚರ್ಮದ ಹೊರಮೈಯ ಉಷ್ಣತೆ ಸಾಮಾನ್ಯವಾಗಿ 32ರಿಂದ 34 ಡಿಗ್ರಿ. ಇಂತಹ ದ್ರವ್ಯಗಳ ಆವಿಯ ಒತ್ತಡವು ಪ್ರತಿ 10 ಡಿಗ್ರಿಗೆ ಸುಮಾರಾಗಿ ಇಮ್ಮಡಿಯಾಗುವುದರಿಂದ, ಕಾಗದದ ಮೇಲೆ ತೂಕಡಿಸುವ ಅತ್ತರು ಮೈಮೇಲೆ ಎಚ್ಚರಗೊಳ್ಳುತ್ತದೆ. ಮಣಿಕಟ್ಟು, ಕತ್ತು, ಕಿವಿಯ ಹಿಂಭಾಗಗಳು ಬೆಚ್ಚಗಿರುವುದರಿಂದಲೇ ಅಲ್ಲಿ ಹಚ್ಚುವ ವಾಡಿಕೆ. ಚರ್ಮದ ಜಿಡ್ಡಾದರೋ ಇದಕ್ಕೆ ಎದುರಾದ ಕೆಲಸ ಮಾಡುತ್ತದೆ. ಗಂಧದ ಅಣುಗಳು ಎಣ್ಣೆಯಲ್ಲಿ ಸುಲಭವಾಗಿ ಕರಗುವಂಥವು. ಜಿಡ್ಡಿನಲ್ಲಿ ಕರಗಿ ಕುಳಿತ ಅಣು ಅವಸರದಿಂದ ಏಳುವುದಿಲ್ಲ. ಎಣ್ಣೆಚರ್ಮದವರಲ್ಲಿ ಪರಿಮಳವು ಹೆಚ್ಚು ಹೊತ್ತು ನಿಲ್ಲುವುದೂ ಒಣಚರ್ಮದವರಲ್ಲಿ ಬೇಗ ಆರುವುದೂ ಇದರಿಂದಲೇ. ಚಳಿಗಾಲದಲ್ಲಿ ಮೈ ಒಡೆದವರು ಹಚ್ಚುವ ಜಾಗಕ್ಕೆ ಮೊದಲು ವಾಸನೆಯಿಲ್ಲದ ಎಣ್ಣೆಯನ್ನು ತೆಳುವಾಗಿ ಸವರಿಕೊಂಡರೆ ವ್ಯತ್ಯಾಸ ಕಾಣುವುದು. ಕಂಕುಳಲ್ಲಿ ಮಾತ್ರ ಅತ್ತರು ಹಚ್ಚಬಾರದು. ಬೆವರಿಗೆ ತನ್ನಷ್ಟಕ್ಕೆ ದುರ್ವಾಸನೆಯಿಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದರೊಡನೆ ಹೂವಿನ ಪರಿಮಳ ಬೆರೆತರೆ ಎರಡೂ ಹಾಳು.

ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಿದರೆ ‘ಅಣುಗಳು ಒಡೆಯುತ್ತವೆ’ ಎಂದು ಹೇಳುವುದುಂಟು. ಕೈಯುಜ್ಜುವ ಬಲಕ್ಕೆ ಅಣು ಒಡೆಯುವುದಿಲ್ಲ! ಆದರೆ ಉಜ್ಜುವಿಕೆಯಿಂದ ಕಾವು ಹೆಚ್ಚಿ, ಎಣ್ಣೆ ತೆಳುವಾಗಿ ಹರಡಿ, ಹಗುರಾದ ಭಾಗಗಳು ಬೇಗನೆ ಹಾರಿಹೋಗುವುದು ದಿಟ.

ಕಥೆಯ ಇನ್ನೊಂದು ಪಾತ್ರಧಾರಿ ಮೂಗು. ಒಂದೇ ವಾಸನೆಯನ್ನು ಕೆಲವು ನಿಮಿಷ ಎಡೆಬಿಡದೆ ಮೂಸಿದರೆ ಘ್ರಾಣೇಂದ್ರಿಯವು ಅದಕ್ಕೆ ಒಗ್ಗಿಕೊಂಡು ವರದಿ ಮಾಡುವುದನ್ನೇ ನಿಲ್ಲಿಸುತ್ತದೆ. ತನ್ನ ಅತ್ತರು ಆರಿತೆಂದು ತಿಳಿದು ಮತ್ತೆ ಮತ್ತೆ ಹಚ್ಚಿಕೊಂಡವನ ಪಕ್ಕದಲ್ಲಿ ಕುಳಿತವರಿಗೆ ತಲೆನೋವು ಬರುವುದು ಈ ಕಾರಣದಿಂದ. ಮೂಗಿನಲ್ಲಿ ವಾಸನೆಯನ್ನು ಗುರುತಿಸುವ ಗ್ರಾಹಕಗಳ ವಂಶವಾಹಿಗಳನ್ನು ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಬೆಳಕಿಗೆ ತಂದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು 400 ಬಗೆ. ಇವು ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಕೆಲವರಿಗೆ ಕೃತಕ ಕಸ್ತೂರಿಯ ಕೆಲವು ಬಗೆಗಳು ತಿಳಿಯುವುದೇ ಇಲ್ಲ. ಆದುದರಿಂದ ಒಂದೇ ಅತ್ತರನ್ನು ಇಬ್ಬರು ಎರಡು ಬಗೆಯಾಗಿ ಬಣ್ಣಿಸಿದರೆ ಅವರಲ್ಲೊಬ್ಬರು ಸುಳ್ಳಾಡುತ್ತಿದ್ದಾರೆಂದು ಭಾವಿಸಲಾಗದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಂಗಡಿಯವನು ಮೋಸ ಮಾಡಿದನೆಂಬುದನ್ನು ತಿಳಿಯುವುದೆಂತು? ಮೇಲೆ ವಿವರಿಸಿದ ಅತ್ತರಿನ ಬೆಲೆಯ ಬಹುಭಾಗವಿರುವುದು ಅದರ ತಳದಲ್ಲಿ, ಅಂದರೆ ಶ್ರೀಗಂಧದಲ್ಲಿ. ಶ್ರೀಗಂಧದ ಎಣ್ಣೆ ದೊರೆಯುವುದು ಮರದ ಚೇಗು ಮತ್ತು ಬೇರುಗಳಲ್ಲಿ ಮಾತ್ರ. ಅನ್ಯ ಸಸ್ಯಗಳ ಬೇರಿಗೆ ತನ್ನ ಬೇರನ್ನು ಹೆಣೆದು ಆಹಾರ ಹೀರುವ ಈ ಮರದಲ್ಲಿ ಚೇಗು ಬಲಿಯಲು ದಶಕಗಳೇ ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ, ಯೂರೋಪಿಗೆ ಹೋಗುತ್ತಿದ್ದ ಗಂಧದ ಕೊರಡುಗಳಿಗೆ ಮಾರುಕಟ್ಟೆ ಕಟ್ಟಿಹೋದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸುವ ಪ್ರಯೋಗಗಳು ನಡೆದು, 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮುಂದೆ ಕಾಡಿನ ಗಂಧದ ಮರಗಳು ಕಳ್ಳಸಾಗಣೆಗೂ ರೋಗಕ್ಕೂ ಬಲಿಯಾಗಿ ವಿರಳವಾದವು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ರೈತನು ತನ್ನ ಹೊಲದ ಗಂಧದ ಮರಕ್ಕೆ ತಾನೇ ಒಡೆಯನಾದನು. ಆದರೆ ಎಣ್ಣೆಯ ಬೆಲೆ ಇಳಿಯಲಿಲ್ಲ. ಪರಿಣಾಮವಾಗಿ ಕನೌಜಿನ ಹಲವು ಹಂಡೆಗಳ ಎದುರಿನ ಪಾತ್ರೆಗಳಲ್ಲಿ ಇಂದು ಗಂಧದೆಣ್ಣೆಯ ಬದಲು ದ್ರವ ಪ್ಯಾರಾಫಿನ್ ತುಂಬಿರುತ್ತದೆ.

ಪ್ಯಾರಾಫಿನ್ ಹೂವಿನ ಆವಿಯನ್ನು ಹಿಡಿದಿಡಬಲ್ಲುದು. ತನಗೆ ಸ್ವಂತ ವಾಸನೆಯಿಲ್ಲ. ಹಾಗೆಂದೇ ಶೀಸೆಯ ಬಾಯಿಯಲ್ಲಿ, ಮೊದಲ ಅರ್ಧ ಗಂಟೆಯಲ್ಲಿ, ಈ ಎರಡು ಅತ್ತರುಗಳಿಗೆ ಅನನುಭವಿಯ ಮೂಗು ವ್ಯತ್ಯಾಸ ಕಾಣದು. ಪ್ಯಾರಾಫಿನಿನ ಅತ್ತರೇ ಹೆಚ್ಚು ಶುದ್ಧವಾದ ಹೂವೆಂದು ತೋರಿದರೂ ತೋರೀತು. ಬಣ್ಣ ಬಯಲಾಗುವುದು ನಾಲ್ಕನೆಯ ಗಂಟೆಯಲ್ಲಿ. ಹೂವು ಹೊರಟುಹೋದ ಮೇಲೆ ಒಂದರಲ್ಲಿ ಗಂಧ ಉಳಿಯುತ್ತದೆ, ಇನ್ನೊಂದರಲ್ಲಿ ಬರಿಯ ಜಿಡ್ಡು. ಪ್ಯಾರಾಫಿನಿನ ಅತ್ತರನ್ನು ಅಗ್ಗದ ಬೆಲೆಗೆ, ಹಾಗೆಂದು ಹೇಳಿಯೇ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಗಂಧದ ಬೆಲೆಗೆ ಮಾರುವುದು ತಪ್ಪು. ಆದುದರಿಂದ ಬೆಲೆಬಾಳುವ ಅತ್ತರನ್ನು ಕೊಳ್ಳುವವನು ಬೆಳಿಗ್ಗೆ ಮುಂಗೈಗೆ ಹಚ್ಚಿಸಿಕೊಂಡು, ತನ್ನ ಕೆಲಸಕ್ಕೆ ಹೋಗಿ, ಸಂಜೆ ಮರಳಿ ಬಂದು ಕೊಳ್ಳುವುದು ಲೇಸು. ಸಾಚಾ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಒಂದೇ ಅತ್ತರನ್ನು ಕಡ್ಡಿಯ ತುದಿಯಷ್ಟು ಒತ್ತುಕಾಗದದ ಪಟ್ಟಿಗೂ, ತೊಳೆದ ಹತ್ತಿಯ ಬಟ್ಟೆಗೂ, ಇಬ್ಬರು ವಿದ್ಯಾರ್ಥಿಗಳ ಮುಂಗೈಗೂ ಹಚ್ಚಿ, ಹಚ್ಚಿದ ಕೂಡಲೆ, ಕಾಲು ಗಂಟೆಗೆ, ಒಂದು ಗಂಟೆಗೆ, ಶಾಲೆ ಬಿಡುವ ಹೊತ್ತಿಗೆ ಮೂಸಿ ಕಂಡುದನ್ನು ಬರೆದಿಡಬೇಕು. ಎರಡು ಮೂಸುವಿಕೆಗಳ ನಡುವೆ ಬಯಲಿಗೆ ಹೋಗಿ ಬರಬೇಕು. ಇಲ್ಲವಾದರೆ ದಣಿದ ಮೂಗು ತಪ್ಪು ಲೆಕ್ಕ ಕೊಡುತ್ತದೆ. ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡಿರಬಾರದು. ಹಾಗೆಯೇ ಒಂದು ಹನಿಯನ್ನು ಪ್ರನಾಳದಲ್ಲಿ ಮದ್ಯಸಾರದೊಡನೆ ಕುಲುಕಿದರೆ ಗಂಧದೆಣ್ಣೆ ಕರಗಿ ತಿಳಿಯಾಗುತ್ತದೆ. ಪ್ಯಾರಾಫಿನ್ ಕರಗದೆ ಕದಡಿ, ಬೇರೆ ಪದರವಾಗಿ ನಿಲ್ಲುತ್ತದೆ.

ಮೈಗೆ ಹಚ್ಚುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಬಟ್ಟಿಯಿಳಿಸಿದ ಸುಗಂಧ ತೈಲಗಳು ಸ್ವಾಭಾವಿಕವಾದವುಗಳೆಂದ ಮಾತ್ರಕ್ಕೆ ನಿರಪಾಯಕಾರಿಗಳಲ್ಲ. ದಾಲ್ಚಿನ್ನಿಯ ಎಣ್ಣೆ, ಲವಂಗದ ಎಣ್ಣೆಗಳನ್ನು ಹಾಗೆಯೇ ಹಚ್ಚಿದರೆ ಚರ್ಮ ಉರಿಯುತ್ತದೆ. ಇಟಲಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯಿಂದ ಹಿಂಡಿ ತೆಗೆದ ತೈಲದಲ್ಲಿ ಬರ್ಗಾಪ್ಟೀನ್ ಎಂಬ ವಸ್ತುವಿದ್ದು, ಅದನ್ನು ಹಚ್ಚಿದ ಮೈಗೆ ಬಿಸಿಲು ತಾಗಿದರೆ ಸುಟ್ಟಂತೆ ಕೆಂಪಾಗಿ, ಕಪ್ಪು ಕಲೆ ಬಹುಕಾಲ ಉಳಿಯುತ್ತದೆ. ಕೆಲವು ನಿಂಬೆಜಾತಿಯ ಸಿಪ್ಪೆಯೆಣ್ಣೆಗಳದೂ ಇದೇ ಗುಣ. ಹೊಸ ಅತ್ತರನ್ನು ಮೊಣಕೈಯ ಒಳಭಾಗಕ್ಕೆ ಚುಕ್ಕೆಯಷ್ಟು ಹಚ್ಚಿ, ಒಂದೆರಡು ದಿನ ಕಾದು, ತುರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು ಬಳಸಬೇಕು. ತುರಿಕೆ ಕಂಡವರು, ಚರ್ಮ ಸೂಕ್ಷ್ಮವಾಗಿರುವ ಮಕ್ಕಳು, ಮೈಗೆ ಹಚ್ಚದೆ ಬಟ್ಟೆಯ ಅಂಚಿಗೆ ಸೋಕಿಸಿಕೊಳ್ಳಬಹುದು. ಅಲ್ಲಿ ಪರಿಮಳವು ಮಂದವಾಗಿದ್ದರೂ ಹೆಚ್ಚು ದಿನ ನಿಲ್ಲುತ್ತದೆ. ಹತ್ತಿಯ ಸಣ್ಣ ಉಂಡೆಗೆ ಅತ್ತರು ತಾಗಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಮೈಯ ಕಾವೂ ಉಂಟು, ಬಟ್ಟೆಯ ಬಾಳಿಕೆಯೂ ಉಂಟು. ಮೂಗಿನಿಂದ ತುಸು ದೂರವಿರುವುದರಿಂದ ಅದು ಬೇಗ ಒಗ್ಗಿಹೋಗುವುದೂ ಇಲ್ಲ.