ಸಿಂಗಳೀಕದ ಬೆನ್ನಿಗೆ ಪುಸ್ತಕ, ಪೆನ್ಸಿಲು

ಶಿರಸಿ-ಹೊನ್ನಾವರದ ಘಟ್ಟದ ಕಾಡಿನಲ್ಲಿ ಸಿಂಗಳೀಕಗಳಿವೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಸಂಶೋಧಕರ ಜೊತೆ ಅವುಗಳ ಹಿಂದೆ ಹೋಗುವುದು ತಿರುಗಾಟ ಅಂದ್ಕೊಂಡಿದ್ದೆ. ಅಲ್ಲ, ಕೆಲಸ.

ಬೆಳಕು ಹರಿಯುವ ಮೊದಲೇ ಹಿಂಡು ಮಲಗಿದ ಮರದಡಿ ಇರಬೇಕು. ಗಡಿಯಾರ ನೋಡಿ 10 ಅಥವಾ 15 ನಿಮಿಷಕ್ಕೊಮ್ಮೆ ಬರೆಯಬೇಕು: ಗಂಡೋ, ಹೆಣ್ಣೋ, ಮರಿಯೋ? ಯಾವ ಮರ? ತಿಂದದ್ದು ಹಣ್ಣೋ, ಚಿಗುರೋ, ಹುಳವೋ? ನಾನು ಅಂದಾಜಿಗೆ ‘ಹಣ್ಣು’ ಅಂತ ಬರೆದೆ. ಅದು ತೊಗಟೆ ಕೆದಕಿ ಹುಳ ಹಿಡೀತಿತ್ತು! ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ. ಮರದ ಹೆಸರು ಹೇಳುವುದರಲ್ಲಿ ಮಾತ್ರ ನಾವೇ ಮುಂದೆ.

ತಿಂಡಿ ಹಾಕಬಾರದು. ಸತ್ತ ಮಂಗವನ್ನು ಮುಟ್ಟಬಾರದು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ; ಮೈ ಮುಚ್ಚುವ ಬಟ್ಟೆ ಹಾಕಿ.

ಇಂಥ ಲೆಕ್ಕದಿಂದಲೇ ಗೊತ್ತಾದದ್ದು, ನಾವು ಕೊಯ್ಯುವ ಉಪ್ಪಾಗೆ ಸಿಂಗಳೀಕಕ್ಕೂ ಮುಖ್ಯ ಆಹಾರ ಅಂತ. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಕೊಂಬೆ ಕಡಿದು ಕೊಯ್ದರೆ ಅದಕ್ಕೆ ಉಪವಾಸ, ಮುಂದಿನ ವರ್ಷ ನಮಗೂ ನಷ್ಟ. ಮೇಲಿನ ಹಣ್ಣು ಸ್ವಲ್ಪ ಬಿಡೋಣ.

ತೋಟಕ್ಕೆ ಬರುವ ಮಂಗಕ್ಕೂ ಒಂದು ಪುಸ್ತಕ ಇಡಿ. ಎಷ್ಟು ಹೊತ್ತಿಗೆ, ಯಾವ ಬದಿಯಿಂದ ಬಂತು, ಏನು ತಿಂತು? ಒಂದು ತಿಂಗಳು ಬರೆದರೆ ಎಲ್ಲಿ, ಯಾವಾಗ ಕಾಯಬೇಕೆಂದು ತಿಳಿದೀತು.