ಹಿಮದ ಮೇಲಣ ಹೆಜ್ಜೆ

ಚಳಿಗಾಲ ಬಂದಿತೆಂದರೆ ಯೂರೋಪಿನ ಪರ್ವತಪ್ರದೇಶಗಳಲ್ಲಿ ನೆಲವೇ ಕಾಣದಂತಾಗುತ್ತದೆ. ಹೊಲ, ಹುಲ್ಲುಗಾವಲು, ಬೇಲಿ, ಕಾಲುದಾರಿ ಎಲ್ಲವೂ ಹಿಮದ ಹೊದಿಕೆಯ ಕೆಳಗೆ ಮರೆಯಾಗುತ್ತವೆ. ಹೊಸದಾಗಿ ಬಿದ್ದ ಹಿಮ ಅರಳೆಯಂತೆ ಹಗುರ, ಅಷ್ಟೇ ಮೆದು. ಸಾಮಾನ್ಯ ಪಾದರಕ್ಷೆ ತೊಟ್ಟು ಅದರ ಮೇಲೆ ಕಾಲಿಟ್ಟವನು ಮೊಣಕಾಲಿನವರೆಗೂ, ಕೆಲವೊಮ್ಮೆ ಸೊಂಟದವರೆಗೂ ಹೂತುಹೋಗುತ್ತಾನೆ. ಒಂದು ಕಾಲನ್ನು ಕಿತ್ತು ಇನ್ನೊಂದನ್ನು ಇಡುವುದರಲ್ಲಿಯೇ ಅವನ ಶಕ್ತಿಯೆಲ್ಲ ಸೋರಿಹೋಗುತ್ತದೆ.

ಈ ಕಷ್ಟಕ್ಕೆ ಮನುಷ್ಯನು ಬಹು ಹಿಂದೆಯೇ ಒಂದು ಉಪಾಯವನ್ನು ಕಂಡುಕೊಂಡನು. ಕೆಸರಿನ ಮೇಲೆ ಹಲಗೆಯನ್ನು ಹಾಸಿ ನಡೆದರೆ ಕಾಲು ಹೂಳುವುದಿಲ್ಲ. ದೇಹದ ಭಾರ ಅಷ್ಟೇ ಇದ್ದರೂ ಅದು ವಿಶಾಲವಾದ ಜಾಗದ ಮೇಲೆ ಹಂಚಿಹೋಗುವುದರಿಂದ ಒತ್ತಡ ಕಡಿಮೆಯಾಗುತ್ತದೆ. ಇದೇ ತತ್ತ್ವದ ಮೇಲೆ, ಬಗ್ಗಿಸಿದ ಮರದ ಚೌಕಟ್ಟಿಗೆ ಹುರಿಯನ್ನೋ ತೊಗಲಿನ ಪಟ್ಟಿಯನ್ನೋ ಬಲೆಯಂತೆ ಹೆಣೆದು ಪಾದಕ್ಕೆ ಕಟ್ಟಿಕೊಳ್ಳುವ ಹಿಮಪಾದುಕೆ ಹುಟ್ಟಿತು. ಇಟಲಿ ಮತ್ತು ಆಸ್ಟ್ರಿಯಗಳ ಗಡಿಯ ಬಳಿ, 3,134 ಮೀಟರು ಎತ್ತರದ ಹಿಮನದಿಯೊಂದರಲ್ಲಿ 2003ರಲ್ಲಿ ದೊರೆತ ಬರ್ಚ್ ಮರದ ಹಿಮಪಾದುಕೆಯೊಂದು ಸುಮಾರು 5,800 ವರ್ಷಗಳಷ್ಟು ಹಳೆಯದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಪ್ರಾಚೀನ ಗ್ರೀಸಿನ ಸೇನಾನಿಯೂ ಲೇಖಕನೂ ಆದ ಕ್ಸೆನೊಫೋನನು ಆರ್ಮೇನಿಯದ ಹಳ್ಳಿಗರಿಂದ ತನ್ನ ಸೈನ್ಯವು ಕಲಿತ ಪಾಠವೊಂದನ್ನು ಬರೆದಿಟ್ಟಿದ್ದಾನೆ. ಹಿಮದಲ್ಲಿ ಹೊಟ್ಟೆಯವರೆಗೆ ಹೂಳುತ್ತಿದ್ದ ಕುದುರೆಗಳ ಕಾಲುಗಳಿಗೆ ಸಣ್ಣ ಚೀಲಗಳನ್ನು ಕಟ್ಟಬೇಕೆಂಬುದೇ ಆ ಪಾಠ.

ಅಂದು ಬೇಟೆಗಾರನ, ಅಂಚೆಯವನ, ಕಣಿವೆಯಿಂದ ಕಣಿವೆಗೆ ಸರಕು ಸಾಗಿಸುವವನ ಅಗತ್ಯವಾಗಿದ್ದ ಹಿಮಪಾದುಕೆ ಇಂದು ವಿಹಾರದ ಸಾಧನವಾಗಿದೆ. ಹಿಮದ ಮೇಲೆ ಜಾರುವ ಸ್ಕೀ ವಿದ್ಯೆಯನ್ನು ಕಲಿಯಲು ಬಹು ದಿನಗಳ ಅಭ್ಯಾಸ ಬೇಕು. ಹಿಮಪಾದುಕೆಯನ್ನು ತೊಟ್ಟವನು ಅರ್ಧ ಗಂಟೆಯಲ್ಲಿಯೇ ನಡೆಯಬಲ್ಲನು. ಈ ಸುಲಭತೆಯೇ ಅದರ ಗುಣ. ಅದರ ಅಪಾಯವೂ ಹೌದು. ನಡೆಯಲು ಬಂದಿತೆಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ನಡೆಯಬಹುದೆಂಬ ಭ್ರಮೆ ಮೂಡುತ್ತದೆ. ಆದುದರಿಂದ ಯೂರೋಪಿನ ಭೂಪಟವನ್ನು ಮುಂದೆ ಹರಡಿಕೊಂಡು ‘ಎಲ್ಲಿಗೆ ಹೋಗೋಣ?’ ಎಂದು ಯೋಚಿಸುವ ಪ್ರವಾಸಿಯ ಪ್ರಶ್ನೆ ಕೇವಲ ಸೊಬಗಿನ ಪ್ರಶ್ನೆಯಲ್ಲ. ಅದು ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಆಗುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಆಲ್ಪ್ಸ್ ಪರ್ವತಶ್ರೇಣಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯ ಮೊದಲಾದ ದೇಶಗಳಲ್ಲಿ ಹಬ್ಬಿರುವ ಈ ಶ್ರೇಣಿಯ ಶಿಖರಗಳ ಭವ್ಯತೆಗೆ ಮನಸೋಲದವರಿಲ್ಲ. ಆದರೆ ಅಲ್ಲಿ ಹಿಮವು ಒಂದೇ ರಾಶಿಯಾಗಿ ಬಿದ್ದಿರುವುದಿಲ್ಲ. ಒಂದೊಂದು ಹಿಮಪಾತವೂ ಒಂದೊಂದು ಪದರವನ್ನು ಹಾಸುತ್ತದೆ. ಬಿಸಿಲು, ಗಾಳಿ, ಚಳಿಗಳಿಂದ ಕೆಲವು ಪದರಗಳು ಗಟ್ಟಿಯಾಗುತ್ತವೆ. ಕೆಲವು ಸಕ್ಕರೆಯ ಹರಳುಗಳಂತೆ ಸಡಿಲವಾಗುತ್ತವೆ. ಸಡಿಲ ಪದರದ ಮೇಲೆ ಗಟ್ಟಿ ಪದರ ಕುಳಿತಿದ್ದು, ಇಳಿಜಾರು 30 ಡಿಗ್ರಿಗಿಂತ ಹೆಚ್ಚಾಗಿದ್ದರೆ, ಒಬ್ಬ ಮನುಷ್ಯನ ಭಾರವೇ ಸಾಕು. ಇಡೀ ಹಾಸು ಬಿರುಕುಬಿಟ್ಟು ಕೆಳಕ್ಕೆ ಧುಮುಕುತ್ತದೆ. ಇದೇ ಹಿಮಕುಸಿತ. ಇದಕ್ಕೆ ಬಲಿಯಾಗುವ ಪ್ರವಾಸಿಗಳಲ್ಲಿ ಹೆಚ್ಚಿನವರು ತಾವೋ ತಮ್ಮ ಜೊತೆಗಾರರೋ ಕದಲಿಸಿದ ಹಿಮದಲ್ಲಿಯೇ ಹೂತುಹೋಗುತ್ತಾರೆ. ಹೂತವನನ್ನು ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಅವನು ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದರೆ ಆಸೆ ಬಹಳ ಕಡಿಮೆ.

1999ರ ಫೆಬ್ರವರಿ 23ರಂದು ಆಸ್ಟ್ರಿಯದ ಗಾಲ್ಟ್ಯೂರ್ ಎಂಬ ಹಳ್ಳಿಯ ಮೇಲೆ ಇಂತಹ ಹಿಮಕುಸಿತ ಎರಗಿತು. ಅದಕ್ಕೆ ಮುಂಚೆ ದಿನಗಟ್ಟಲೆ ಹಿಮ ಸುರಿದು ಹಳ್ಳಿಯ ರಸ್ತೆ ಮುಚ್ಚಿಹೋಗಿತ್ತು. ಅಪಾಯವಿಲ್ಲವೆಂದು ಗುರುತಿಸಿದ್ದ ಜಾಗದ ಮನೆಗಳಿಗೂ ಹಿಮ ನುಗ್ಗಿತು. 31 ಮಂದಿ ಪ್ರಾಣ ಕಳೆದುಕೊಂಡರು. ಮನೆಯೊಳಗಿದ್ದವರಿಗೇ ಈ ಗತಿಯಾದರೆ ಬಯಲಿನಲ್ಲಿ ನಡೆಯುವವನು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಈ ಎಚ್ಚರಕ್ಕೆ ವಿಜ್ಞಾನವು ನೆರವಾಗಿದೆ. ಸ್ವಿಟ್ಜರ್ಲೆಂಡಿನ ದಾವೋಸ್ ನಗರದಲ್ಲಿ ಹಿಮವನ್ನೂ ಹಿಮಕುಸಿತವನ್ನೂ ಅಭ್ಯಸಿಸುವ ಸಂಸ್ಥೆಯೊಂದಿದೆ. ಚಳಿಗಾಲದಲ್ಲಿ ಅದು ಪ್ರತಿದಿನವೂ ಅಪಾಯದ ಮಟ್ಟವನ್ನು ಪ್ರಕಟಿಸುತ್ತದೆ. ಯೂರೋಪಿನ ದೇಶಗಳು 1993ರಲ್ಲಿ ಒಪ್ಪಿಕೊಂಡ ಕ್ರಮದಂತೆ ಈ ಮಟ್ಟಗಳು ಒಂದರಿಂದ ಐದರವರೆಗೆ ಇವೆ. ಒಂದು ಎಂದರೆ ಅಲ್ಪ ಅಪಾಯ. ಐದು ಎಂದರೆ ಅತ್ಯಧಿಕ ಅಪಾಯ. ವಿಚಿತ್ರವೆಂದರೆ ಹೆಚ್ಚಿನ ಸಾವುಗಳು ಸಂಭವಿಸುವುದು ಐದನೆಯ ಮಟ್ಟದ ದಿನಗಳಲ್ಲಲ್ಲ, ಮೂರನೆಯ ಮಟ್ಟದ ದಿನಗಳಲ್ಲಿ. ಐದೆಂದು ಕೇಳಿದವನು ಮನೆ ಬಿಟ್ಟು ಹೊರಡುವುದಿಲ್ಲ. ಮೂರೆಂದು ಕೇಳಿದವನು ‘ಇನ್ನೂ ಎರಡು ಮಟ್ಟ ಉಳಿದಿದೆಯಲ್ಲ’ ಎಂದು ಧೈರ್ಯ ತಂದುಕೊಳ್ಳುತ್ತಾನೆ. ಅರೆಜ್ಞಾನದ ಧೈರ್ಯ ಅಜ್ಞಾನಕ್ಕಿಂತ ಕೇಡು.

ಹಾಗೆಂದು ಆಲ್ಪ್ಸ್ ಪ್ರದೇಶವನ್ನೇ ತೊರೆಯಬೇಕಾಗಿಲ್ಲ. ಇಟಲಿಯ ಡೊಲೊಮೈಟ್ ಪರ್ವತಗಳ ನಡುವೆ ಸೈಸರ್ ಆಲ್ಮ್ ಎಂಬ ಎತ್ತರದ ಹುಲ್ಲುಗಾವಲೊಂದಿದೆ. ಸುಮಾರು 56 ಚದರ ಕಿಲೋಮೀಟರು ಹರಡಿರುವ ಆ ಬಯಲಿನ ಏರಿಳಿತಗಳು ಬಹುಮಟ್ಟಿಗೆ ಮೃದುವಾದವು. ಕಡಿದಾದ ಶಿಖರಗಳನ್ನು ದೂರದಿಂದ ನೋಡುತ್ತ, ಗುರುತು ಹಾಕಿದ ಹಾದಿಗಳಲ್ಲಿ ಹೊಸಬನೂ ಅಲ್ಲಿ ನಡೆಯಬಹುದು. ಜರ್ಮನಿಯ ಕಪ್ಪುಕಾಡು ಇನ್ನೂ ತಗ್ಗಿನದು; ಅಲ್ಲಿನ ಅತ್ಯುನ್ನತ ಶಿಖರವಾದ ಫೆಲ್ಡ್‌ಬರ್ಗಿನ ಎತ್ತರ 1,493 ಮೀಟರು. ಕಾಡಿನ ಹಾದಿಗಳು ಸೌಮ್ಯವಾಗಿವೆ. ಆದರೆ ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಇಂತಹ ತಗ್ಗಿನ ಬೆಟ್ಟಗಳಲ್ಲಿ ಹಿಮ ನಿಲ್ಲುವ ದಿನಗಳು ಕಡಿಮೆಯಾಗುತ್ತಿವೆ. ಒಂದೆಡೆ ಹಿಮದ ಭಯ, ಇನ್ನೊಂದೆಡೆ ಹಿಮದ ಕೊರತೆ!

ಹಿಮದ ಕೊರತೆಯಿಲ್ಲದ ನಾಡು ಬೇಕೆಂದರೆ ಉತ್ತರಕ್ಕೆ ನಡೆಯಬೇಕು. ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್ ಪ್ರದೇಶದಲ್ಲಿ ಬೆಟ್ಟಗಳು ಗುಂಡಗೆ ಸವೆದು ತಗ್ಗಾಗಿವೆ. ಆದುದರಿಂದ ಬಹುತೇಕ ಕಡೆ ಹಿಮಕುಸಿತದ ಭಯ ಅಲ್ಪ. ಆದರೆ ಅಲ್ಲಿ ಚಳಿ ಶೂನ್ಯಕ್ಕಿಂತ 30 ಡಿಗ್ರಿಗಳಷ್ಟು ಕೆಳಗಿಳಿಯುವುದುಂಟು. ಉತ್ತರದ ತುದಿಯಲ್ಲಿರುವ ಉತ್ಸ್‌ಯೋಕಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯೋದಯವೇ ಇಲ್ಲ. ಹಗಲು ದೀರ್ಘವಾಗಿ, ಹಿಮವೂ ದಟ್ಟವಾಗಿರುವ ಮಾರ್ಚ್ ತಿಂಗಳೇ ಅಲ್ಲಿ ನಡೆಯುವವರಿಗೆ ಅನುಕೂಲ. ಆ ಕಾಡುಗಳಲ್ಲಿ ಬಾಡಿಗೆಯಿಲ್ಲದೆ ಯಾರು ಬೇಕಾದರೂ ತಂಗಬಹುದಾದ ಮರದ ಗುಡಿಸಲುಗಳಿವೆ. ಅಲ್ಲಿನ ಸಂಪ್ರದಾಯವೊಂದು ನೆನಪಿಡತಕ್ಕದ್ದು. ಗುಡಿಸಲು ತುಂಬಿದ್ದರೆ ಕೊನೆಯಲ್ಲಿ ಬಂದವನಿಗೇ ಹೆಚ್ಚಿನ ಹಕ್ಕು. ಮೊದಲು ಬಂದವರು ಆಗಲೇ ಬೆಚ್ಚಗಾಗಿ ದಣಿವಾರಿಸಿಕೊಂಡಿರುತ್ತಾರೆ. ಹೊರಡುವವರು ಮುಂದೆ ಬರುವವನಿಗಾಗಿ ಸೌದೆಯನ್ನು ಸೀಳಿಟ್ಟು ಹೋಗುತ್ತಾರೆ.

ಸ್ಥಳವನ್ನು ಆರಿಸುವವನು ಮನುಷ್ಯರಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. 1914ರಲ್ಲಿ ಸ್ಥಾಪಿತವಾದ ಸ್ವಿಸ್ ರಾಷ್ಟ್ರೀಯ ಉದ್ಯಾನಕ್ಕೆ ಚಳಿಗಾಲದಲ್ಲಿ ಯಾರಿಗೂ ಪ್ರವೇಶವಿಲ್ಲ. ಮೇವು ಸಿಗದ ಆ ದಿನಗಳಲ್ಲಿ ಜಿಂಕೆಗಳು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ನೆಚ್ಚಿಕೊಂಡು, ಆದಷ್ಟು ಕಡಿಮೆ ಓಡಾಡುತ್ತ ಬದುಕುತ್ತವೆ. ಮನುಷ್ಯನ ಸುಳಿವು ಕಂಡು ಬೆದರಿ ದಟ್ಟ ಹಿಮದಲ್ಲಿ ಓಡಿದರೆ ಆ ಉಳಿತಾಯ ವ್ಯರ್ಥವಾಗುತ್ತದೆ. ವಸಂತವನ್ನು ಕಾಣುವ ಮೊದಲೇ ಅವು ಸಾಯಬಹುದು. ಮೆಲ್ಲನೆ ನಡೆಯುವ ಪ್ರವಾಸಿಯ ಹೆಜ್ಜೆಯೂ ಅವುಗಳ ಪಾಲಿಗೆ ಮೃತ್ಯುವಾಗಬಹುದು.

ಇವೆಲ್ಲವನ್ನೂ ಬಲ್ಲವರು ಕೊನೆಗೆ ಹೋಗಲು ಬಯಸುವ ತಾಣಗಳಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ನಡುವಣ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿ ಒಂದು. 2,469 ಮೀಟರು ಎತ್ತರದ ಆ ದಾರಿಯಲ್ಲಿ ಸಂತ ಬರ್ನಾರ್ಡನು ಹನ್ನೊಂದನೆಯ ಶತಮಾನದಲ್ಲಿ ಪ್ರಯಾಣಿಕರಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಿದನು. ಹಿಮದಲ್ಲಿ ದಾರಿತಪ್ಪಿದವರನ್ನು ಅಲ್ಲಿನ ಸನ್ಯಾಸಿಗಳೂ ಅವರ ನಾಯಿಗಳೂ ಹುಡುಕಿ ತರುತ್ತಿದ್ದರು. 1800ರಿಂದ 1814ರವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಪ್ರತೀತಿ. ಇಂದು ಆ ಕೆಲಸ ಹೆಲಿಕಾಪ್ಟರುಗಳಿಗೆ ಸೇರಿದೆ. 1964ರಲ್ಲಿ ತೆರೆದ ಸುರಂಗದಲ್ಲಿ ವಾಹನಗಳು ವರ್ಷವಿಡೀ ಓಡಾಡುತ್ತವೆ. ಆದರೆ ಮೇಲಿನ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಗ ಆಶ್ರಯಧಾಮವನ್ನು ಸೇರಬೇಕೆಂಬುವನು ಸ್ಕೀಗಳನ್ನೋ ಹಿಮಪಾದುಕೆಗಳನ್ನೋ ತೊಟ್ಟು ಏರಬೇಕು. ಆ ಏರಿನ ಕೊನೆಯ ಭಾಗಕ್ಕೆ ‘ಸತ್ತವರ ಕಣಿವೆ’ ಎಂಬ ಹೆಸರಿದೆ. ಹೆಸರೇ ಎಚ್ಚರಿಕೆಯ ಫಲಕ! ಹೂತವರನ್ನು ಪತ್ತೆಮಾಡುವ ಸಣ್ಣ ರೇಡಿಯೋ ಯಂತ್ರ, ಹಿಮವನ್ನು ಚುಚ್ಚಿ ನೋಡುವ ಕೋಲು, ಸಲಿಕೆ ಇವುಗಳಿಲ್ಲದೆ, ಅಂದಿನ ಅಪಾಯದ ಮಟ್ಟವನ್ನು ತಿಳಿಯದೆ ವಿವೇಕಿಗಳು ಅಲ್ಲಿಗೆ ಹೊರಡುವುದಿಲ್ಲ.

ಹೀಗೆ ನೋಡಿದರೆ ಹಿಮಯಾತ್ರೆಗೆ ಶ್ರೇಷ್ಠವಾದ ಸ್ಥಳ ಯಾವುದೆಂಬುದಕ್ಕೆ ಒಂದೇ ಉತ್ತರವಿಲ್ಲ. ಇಳಿಜಾರು ಎಷ್ಟು, ಹಗಲು ಎಷ್ಟು, ಹಿಮ ಹೇಗಿದೆ, ಅಲ್ಲಿ ಯಾರ ಬಾಳಿಗೆ ತನ್ನಿಂದ ತೊಡಕಾಗುತ್ತದೆ ಎಂದು ಮೊದಲು ವಿಚಾರಿಸಿ, ತನ್ನ ಶಕ್ತಿಗೆ ತಕ್ಕುದನ್ನು ಆರಿಸಿಕೊಂಡವನ ಪಾಲಿಗೆ ಸಣ್ಣ ಗುಡ್ಡವೂ ಶ್ರೇಷ್ಠವೇ. ಹೊರಟ ಮೇಲೂ ಆಕಾಶ ಕಪ್ಪಿಟ್ಟರೆ, ಕಾಲ ಕೆಳಗಣ ಹಿಮ ಗುಮ್ಮೆಂದು ಸದ್ದುಮಾಡಿ ಕುಸಿದರೆ, ಶಿಖರ ಕಣ್ಣೆದುರಿಗಿದ್ದರೂ ಹಿಂದಿರುಗುವ ಮನಸ್ಸು ಬೇಕು. ಹಾಗೆ ಹಿಂದಿರುಗಿದವನು ಸೋತವನಲ್ಲ. ಪರ್ವತ ಮರುವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ಅವನೂ ಇರುತ್ತಾನೆ.

ಅಭ್ಯಾಸ

1. ಹಿಮಪಾದುಕೆ ತೊಟ್ಟವನ ಕಾಲು ಹಿಮದಲ್ಲಿ ಹೂಳದಿರಲು ಕಾರಣವೇನು?
2. ಹಿಮಕುಸಿತ ಹೇಗೆ ಉಂಟಾಗುತ್ತದೆ? ವಿವರಿಸಿ.
3. ಹೆಚ್ಚಿನ ಸಾವುಗಳು ಮೂರನೆಯ ಮಟ್ಟದ ಅಪಾಯದ ದಿನಗಳಲ್ಲಿ ಸಂಭವಿಸುವುದೇಕೆ?
4. ಲ್ಯಾಪ್‌ಲ್ಯಾಂಡಿನ ಗುಡಿಸಲುಗಳ ಸಂಪ್ರದಾಯದಲ್ಲಿ ಕಂಡುಬರುವ ಮಾನವೀಯ ಗುಣಗಳಾವುವು?
5. ‘ಹಾಗೆ ಹಿಂದಿರುಗಿದವನು ಸೋತವನಲ್ಲ’ ಈ ಮಾತಿನ ಸ್ವಾರಸ್ಯವನ್ನು ವಿವರಿಸಿ.