ಬಯಲಿಗೆ ಬೀಸಿದ ಕತ್ತಿ

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವೂ ಗೋರಕ್ಷನೂ ಎದುರಾಗುವ ಪ್ರಸಂಗವೊಂದುಂಟು. ಗೋರಕ್ಷನು ಯೋಗಸಾಧನೆಯಿಂದ ತನ್ನ ದೇಹವನ್ನು ವಜ್ರದಂತೆ ಗಟ್ಟಿಗೊಳಿಸಿಕೊಂಡ ಸಿದ್ಧ. ಅವನ ಮೈಗೆ ಪ್ರಭುವು ಕತ್ತಿಯನ್ನು ಬೀಸಿದಾಗ ಖಣಿಲೆಂಬ ಸದ್ದು ಏಳುತ್ತದೆ, ಕೂದಲೂ ಕೊಂಕುವುದಿಲ್ಲ. ಆದರೆ ಪ್ರಭುವು ಇದನ್ನು ಮೆಚ್ಚುವುದಿಲ್ಲ. ಸದ್ದು ಎದ್ದಿತೆಂದರೆ ದೇಹದ ಹಮ್ಮು ಇನ್ನೂ ಅಳಿದಿಲ್ಲವೆಂದೇ ಅರ್ಥವಲ್ಲವೆ? ಬಳಿಕ ಗೋರಕ್ಷನು ಪ್ರಭುವಿನ ಮೇಲೆ ಕತ್ತಿಯನ್ನು ಬೀಸುತ್ತಾನೆ. ಅದು ಬರಿಯ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ.

ಗಟ್ಟಿಯಾದುದೇ ಬಲವಾದುದು ಎಂಬ ನಂಬಿಕೆಯನ್ನು ಹೀಗೆ ತಲೆಕೆಳಗು ಮಾಡಿದ ಮತ್ತೊಂದು ಗ್ರಂಥ ಪ್ರಾಚೀನ ಚೀನಾದಲ್ಲಿ ಹುಟ್ಟಿತು. ಅದೇ ‘ದಾವ್ ದ ಜಿಂಗ್’. ಲಾವೋ ತ್ಸು ಎಂಬ ಜ್ಞಾನಿ ಇದನ್ನು ರಚಿಸಿದನೆಂದು ಪ್ರತೀತಿ. 81 ಅಧ್ಯಾಯಗಳಿದ್ದರೂ ಇದು ಸುಮಾರು 5000 ಅಕ್ಷರಗಳಷ್ಟೇ ಇರುವ ಕಿರುಹೊತ್ತಗೆ. ‘ದಾವ್’ ಎಂದರೆ ದಾರಿ. ಗಡಿಗೆಯನ್ನು ಮಾಡುವುದು ಮಣ್ಣಿನಿಂದ. ಆದರೆ ನೀರು ತುಂಬುವುದು ಅದರೊಳಗಿನ ಬರಿದಾದ ಎಡೆಯಲ್ಲಿ. ಗಾಲಿಗೆ ಮೂವತ್ತು ಅರಗಳಿದ್ದರೂ ನಡುವಿನ ತೂತಿಲ್ಲದೆ ಅದು ಉರುಳದು. ಬದುಕಿರುವ ಗಿಡ ಬಾಗುತ್ತದೆ, ಸತ್ತದ್ದು ಸೆಟೆದು ನಿಲ್ಲುತ್ತದೆ. ಇಂಥ ನಿತ್ಯದ ನೋಟಗಳೇ ಲಾವೋ ತ್ಸುವಿನ ಉಪಮೆಗಳು.

ಈ ಗ್ರಂಥವನ್ನು ಯು. ಆರ್. ಅನಂತಮೂರ್ತಿಯವರು ಇಂಗ್ಲಿಷ್ ಅನುವಾದಗಳ ನೆರವಿನಿಂದ ಕನ್ನಡಕ್ಕೆ ತಂದರು. ಎರಡು ಭಾಷೆಗಳನ್ನು ದಾಟಿ ಬಂದರೂ ಅದು ಕನ್ನಡದ ಓದುಗನಿಗೆ ತೀರ ಪರಕೀಯವೆನಿಸದು. ಬಯಲು, ಶೂನ್ಯ, ನಿರಾಳ ಎಂಬ ಮಾತುಗಳನ್ನು ವಚನಕಾರರು ಎಂಟು ಶತಮಾನಗಳ ಹಿಂದೆಯೇ ಹದಮಾಡಿ ಇಟ್ಟಿದ್ದರಲ್ಲವೆ!

ಹಾಗೆಂದು ಅಲ್ಲಮನು ಚೀನೀಯರಿಂದ ಕಲಿತನೆಂದು ಹೇಳುವುದು ದುಡುಕಾದೀತು. ಹೋಲಿಕೆ ಬೇರೆ, ಪ್ರಭಾವ ಬೇರೆ. ಅಲ್ಲಮನ ಬಯಲಿನಲ್ಲಿ ಗುಹೇಶ್ವರನಿದ್ದಾನೆ. ಲಾವೋ ತ್ಸುವಿನ ದಾವ್‌ಗೆ ಅಂಥ ಇಷ್ಟದೈವದ ಹೆಸರಿಲ್ಲ.

ಆದರೂ ಇಬ್ಬರೂ ಮತ್ತೆ ಒಂದೆಡೆ ಹತ್ತಿರವಾಗುತ್ತಾರೆ. ಮಾಡಿಯೂ ಮಾಡಿದೆನೆನ್ನದವನೇ ಜ್ಞಾನಿ ಎಂಬುದು ಲಾವೋ ತ್ಸುವಿನ ಭಾವ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಪ್ರಭುವು ಕಟುವಾಗಿಯೇ ಕೆಣಕುತ್ತಾನೆ. ಲೋಕೋಪಕಾರಿಯನ್ನು ಹೀಗೆ ಹಳಿಯಬಹುದೆ ಎಂದು ನಮಗೂ ಅನಿಸದಿರದು. ಆದರೆ ಪ್ರಭುವಿನ ಪೆಟ್ಟು ಬಿದ್ದುದು ಕೆರೆಯ ಮೇಲಲ್ಲ, ‘ಕಟ್ಟಿಸಿದವನು ನಾನು’ ಎಂಬುದರ ಮೇಲೆ. ಸಿದ್ಧರಾಮನು ಆ ಪೆಟ್ಟನ್ನು ತಾಳಿಕೊಂಡು ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಟನು. ಸೊನ್ನಲಿಗೆ ಇಂದು ಸೊಲ್ಲಾಪುರವಾಗಿದೆ. ಅಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಈಗಲೂ ಕೆರೆಯ ನೀರಿದೆ.